ಮರಳು ಮುಗಿದ ಹೊತ್ತು

ಕೆನ್ನೆಯ ಮೇಲಿನ ಗೆರೆಗಳು ಇನ್ನೂ ಹೋಗಿರಲಿಲ್ಲ. ಅವಳು ಬೆರಳ ತುದಿಯಿಂದ ಅವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ಯಾರಾದರೂ ಈಚೆ ತಿರುಗಿದರೆ ಕೂದಲು ಹಿಂದಕ್ಕೆ ಸರಿಸಿಕೊಳ್ಳುವವಳಂತೆ ನಟಿಸಿದಳು. ಹಗ್ಗದ ಸುರುಳಿಯ ಮೇಲೆ ತಲೆಯಿಟ್ಟರೆ ಬೀಳುವ ಗೆರೆಗಳು, ಒಂದರ ಪಕ್ಕ ಒಂದು, ಓರೆಯಾಗಿ, ಆಳವಾಗಿ. ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದರೆ ಇಷ್ಟು ಆಳ ಬೀಳುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಗೊತ್ತಿಲ್ಲ ಅಂದುಕೊಳ್ಳಲು ಮಧ್ಯಾಹ್ನದ ಊಟದಿಂದೀಚೆಗೆ ಹೆಣಗುತ್ತಿದ್ದಳು. ಎದುರಿಗೆ, ಚುಕ್ಕಾಣಿಯ ಪಕ್ಕದ ಮರದ ಗೂಡಿನಲ್ಲಿ, ಮರಳುಗಡಿಯಾರ ತನ್ನ ಪಾಡಿಗೆ ತಾನು ಸುರಿಯುತ್ತಿತ್ತು. ಮೇಲಿನ ಗಾಜಿನಲ್ಲಿ ಮರಳು ತಗ್ಗಿ ನಡುವೆ ಸಣ್ಣ ಗುಂಡಿ ಬಿದ್ದಿತ್ತು. ಈಗ ಅವಳು ರೆಪ್ಪೆ ಬಡಿಯುವುದಕ್ಕೂ ಹೆದರುತ್ತಿದ್ದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂದರೆ ಇದೇ ಇರಬೇಕು, ಆದರೆ ಕಾಯಬೇಕಾಗಿದ್ದ ಹೊತ್ತು ಕಳೆದುಹೋಗಿತ್ತಲ್ಲ.

ಸೂರ್ಯ ಕಾಣದೆ ದಿನಗಳಾಗಿದ್ದವು. ಆಕಾಶಕ್ಕೂ ನೀರಿಗೂ ನಡುವೆ ಒಂದೇ ಬೂದುಬಣ್ಣದ ಮಬ್ಬು. ಹಡಗಿನ ಮೂತಿಯಲ್ಲಿ ನಿಂತವನ ಬೆನ್ನೇ ಇಲ್ಲಿಂದ ಮಸುಕಾಗಿ ಕಾಣುತ್ತಿತ್ತು. ಸೂರ್ಯನಿಲ್ಲದ ಮೇಲೆ ಹಡಗು ಎಲ್ಲಿದೆ ಅನ್ನುವುದಕ್ಕೆ ಈ ಮರಳೊಂದೇ ಸಾಕ್ಷಿ. ಮರಳು ಮುಗಿದ ತಕ್ಷಣ ಗಾಜನ್ನು ತಿರುಗಿಸಬೇಕು, ಪಕ್ಕದ ಹಲಗೆಯಲ್ಲಿ ಕಡ್ಡಿಯನ್ನು ಒಂದು ತೂತು ಮುಂದಕ್ಕೆ ಸಿಕ್ಕಿಸಬೇಕು, ಆಮೇಲೆ ಕೂಗಬೇಕು. ಕಡ್ಡಿ ಎಷ್ಟು ಮುಂದೆ ಬಂದಿದೆಯೋ ಅಷ್ಟು ಹೊತ್ತು. ಅಷ್ಟು ಹೊತ್ತಿಗೆ ಇಷ್ಟು ವೇಗದಲ್ಲಿ ಇಷ್ಟು ದೂರ. ಕಪ್ತಾನನಾದ ಅಪ್ಪ ಬೆಳಿಗ್ಗೆ ಹಲಗೆಯ ಕೊನೆಯ ತೂತಿನ ಮೇಲೆ ಉಗುರಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದ್ದ. ಕಡ್ಡಿ ಇಲ್ಲಿಗೆ ಬಂದಾಗ ಎಡಕ್ಕೆ ತಿರುಗಬೇಕು, ತಿರುಗಿದರೆ ಬಂದರು, ತಿರುಗದೆ ಮುಂದೆ ಹೋದರೆ ಬಂಡೆಸಾಲು. ಆ ಬಂಡೆಸಾಲಿಗೆ ಖಲಾಸಿಗಳು 'ಅತ್ತೆಯ ಹಲ್ಲು' ಅನ್ನುತ್ತಿದ್ದರು. ಮೇಲೆ ಕಾಣುವುದು ಸ್ವಲ್ಪ, ಒಳಗೆ ಇರುವುದು ಬಹಳ ಅಂತ. ಅವಳೂ ಆ ಮಾತಿಗೆ ಬೆಳಿಗ್ಗೆ ಎಲ್ಲರ ಜೊತೆ ನಕ್ಕಿದ್ದಳು. ಈಗ ಕಡ್ಡಿಯ ಮುಂದೆ, ಕೊನೆಯದೂ ಸೇರಿ, ಎರಡು ತೂತು ಖಾಲಿ ಇದ್ದವು. ಆದರೆ ಅವು ನಿಜವಾಗಿ ಖಾಲಿ ಇದ್ದವೇ?

ಕುಡಿಯುವ ನೀರು ಕೆಟ್ಟು, ಇನ್ನೊಬ್ಬ ಚುಕ್ಕಾಣಿಗ ಹೊಟ್ಟೆ ಹಿಡಿದುಕೊಂಡು ಕೆಳಗೆ ಬಿದ್ದಿರದಿದ್ದರೆ ಅಪ್ಪ ಇಷ್ಟು ಅವಸರ ಮಾಡುತ್ತಿರಲಿಲ್ಲ. ಈಗ ಎಲ್ಲಾ ಹಾಯಿಗಳೂ ಬಿಚ್ಚಿಕೊಂಡಿದ್ದವು. ಹಿಂದಿನಿಂದ ಗಾಳಿ ತುಂಬಿ ದೊಡ್ಡ ಹಾಯಿ ಡೊಳ್ಳಿನ ಹಾಗೆ ಬಡಿದುಕೊಳ್ಳುತ್ತಿತ್ತು, ಅದರ ಸದ್ದಿಗೆ ನೀರಿನ ಸದ್ದೂ ಕೇಳಿಸದು. ಬೆಳಗಿನಿಂದ ಸೋದರಮಾವನೊಬ್ಬನೇ ಚುಕ್ಕಾಣಿ ಹಿಡಿದಿದ್ದ. ಅವನ ಕೈ ಚಕ್ರದ ಮೇಲೆ, ಕಣ್ಣು ದಿಕ್ಸೂಚಿಯ ಮೇಲೆ. ಗಡಿಯಾರ ಅವನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿದ್ದರೂ ಅವನು ಅದನ್ನು ಮುಟ್ಟುವ ಹಾಗಿಲ್ಲ. ಚುಕ್ಕಾಣಿ ಹಿಡಿದವನು ಮರಳು ಮುಟ್ಟಬಾರದು ಅನ್ನುವುದು ಈ ಹಡಗಿನ ಕಟ್ಟಳೆ. ಕೈಸೋತವನು ತನ್ನ ಪಾಳಿ ಬೇಗ ಮುಗಿಯಲೆಂದು ಮರಳು ಪೂರ್ತಿ ಬೀಳುವ ಮೊದಲೇ ತಿರುಗಿಸಿಬಿಡುತ್ತಾನೆ ಅಂತ. ಅದಕ್ಕೇ ಮರಳಿಗೆ ಬೇರೆಯವರೇ ಬೇಕು. ಪಾಳಿ ಮುಗಿಸುವ ಆಸೆ ಇಲ್ಲದವರು, ಸುಳ್ಳು ಹೇಳಿ ಲಾಭವಿಲ್ಲದವರು.

ಆ ಕೆಲಸವನ್ನು ಅವಳೇ ಹಟ ಮಾಡಿ ಗಿಟ್ಟಿಸಿಕೊಂಡಿದ್ದಳು. ಹೊರಡುವ ದಿನ ಹಾಯಿಕಂಬವನ್ನು ತಬ್ಬಿಕೊಂಡು ಕೂತು, ಎಳೆದು ಇಳಿಸಿ ನೋಡೋಣ, ಅಂದಿದ್ದಳು. ಮನೆಯಲ್ಲಿ ಅತ್ತಿಗೆ ಹೊಸ ಸೀರೆ ತೆಗೆದಿಟ್ಟು, ನೋಡಲು ಬರುವವರಿಗಾಗಿ ಹಜಾರ ಗುಡಿಸುತ್ತಿದ್ದಳು. ಅಪ್ಪನಿಗೆ ಖಲಾಸಿಗಳ ಮುಂದೆ ಮಗಳನ್ನು ಎಳೆದಾಡುವ ಮನಸ್ಸಿಲ್ಲ, ಸೋಲುವ ಮನಸ್ಸೂ ಇಲ್ಲ. ಆಗ ಮಾವನೇ ನಡುವೆ ಬಂದು, "ಇರ್ಲಿ ಬಿಡಿ ಭಾವ, ಇದೊಂದು ಸಲ. ಸುಮ್ನೆ ಕೂರೋ ಬದ್ಲು ಮರಳು ನೋಡ್ಕೊಳ್ಲಿ" ಅಂದಿದ್ದ. ಹಡಗಿನ ಬಡಗಿ ತನ್ನ ಕೊಡಲಿಯನ್ನು ಕಲ್ಲಿಗೆ ತಿಕ್ಕುತ್ತ, "ಒಳ್ಳೇದೇ ಆಯ್ತು. ಒಲೆ ಮೇಲಿನ ಹಾಲು ನೋಡಿ ಅಭ್ಯಾಸ ಇರುತ್ತಲ್ಲ, ಉಕ್ಕೋಕೆ ಮೊದ್ಲೇ ಎತ್ತುತ್ತಾಳೆ" ಅಂದ. ಎಲ್ಲರೂ ನಕ್ಕರು. ಆ ನಗು ಇವತ್ತಿಗೂ ಅವಳ ಬೆನ್ನಿಗೆ ಅಂಟಿಕೊಂಡಿತ್ತು. ಅಂದಿನಿಂದ ಒಂದು ಸಲವೂ ತಪ್ಪಿರಲಿಲ್ಲ. ಊಟ ಮಾಡುವಾಗ ಕೂಡ ತಟ್ಟೆಯನ್ನು ಗಾಜಿನ ಎದುರಿಗಿಟ್ಟುಕೊಂಡು, ಬಾಯಿ ಎಲ್ಲಿದೆಯೆಂದು ತಡಕಾಡುತ್ತ ಉಂಡಿದ್ದಳು. ಬಡಗಿ ಬಂದು ಬಂದು ನೋಡಿ, ಹೇಳಲು ಏನೂ ಸಿಗದೆ, ಮೂಗು ಮುರಿದು ಹೋಗುತ್ತಿದ್ದ. ಅದೆಲ್ಲ ಎಷ್ಟು ಸುಖವಾಗಿತ್ತು. ಅವನ ಮುರಿದ ಮೂಗನ್ನು ನೋಡುವುದಕ್ಕೇ ಅವಳು ಸಮುದ್ರಕ್ಕೆ ಬಂದವಳು ಅನ್ನಬಹುದಿತ್ತು.

ಇವತ್ತು ಮಧ್ಯಾಹ್ನ ಏನಾಯಿತು? ಸೆಕೆ ಇತ್ತು, ತಟ್ಟೆ ಪಕ್ಕಕ್ಕಿಟ್ಟದ್ದು ನೆನಪಿದೆ. ಮರಳು ಅರ್ಧ ಬಿದ್ದಿತ್ತು, ಅದೂ ನೆನಪಿದೆ. ಹಗ್ಗದ ಸುರುಳಿ ಬೆಚ್ಚಗಿತ್ತು. ಆಮೇಲೆ ಮಾವ ಗಂಟಲು ಸರಿಮಾಡಿಕೊಂಡ ಸದ್ದು. ತಲೆಯೆತ್ತಿದಾಗ ಮೇಲಿನ ಗಾಜು ಬರಿದಾಗಿತ್ತು. ಒಂದು ಕಣವೂ ಬೀಳುತ್ತಿರಲಿಲ್ಲ. ಎಡಗಾಲು ಜೋಮು ಹಿಡಿದು ತನ್ನದಲ್ಲ ಅನ್ನಿಸುತ್ತಿತ್ತು. ತೋಳಿನ ಬಟ್ಟೆಯ ಮೇಲೆ ಜೊಲ್ಲು ಸುರಿದು ಒಣಗಿ ಗಟ್ಟಿಯಾಗಿತ್ತು. ಅವಳು ಮಾವನತ್ತ ನೋಡಿದಳು. ಮಾವ ದಿಕ್ಸೂಚಿಯಿಂದ ಕಣ್ಣೆತ್ತಲಿಲ್ಲ. ಬಡಗಿ ಎಲ್ಲಿ? ದೂರದಲ್ಲಿ, ಬೆನ್ನು ಮಾಡಿಕೊಂಡು, ಡೆಕ್ಕಿನಲ್ಲಿ ಕಟ್ಟಿಟ್ಟ ದೋಣಿಯ ಹಲಗೆಗೆ ಉಳಿ ಹಾಕುತ್ತಿದ್ದ. ಆ ಕ್ಷಣದಲ್ಲಿ ಅವಳು ಹಡಗನ್ನು ನೆನೆಯಲಿಲ್ಲ, ಬಂಡೆಯನ್ನು ನೆನೆಯಲಿಲ್ಲ, ಅಪ್ಪನನ್ನೂ ನೆನೆಯಲಿಲ್ಲ. ಬಡಗಿ ನೋಡಲಿಲ್ಲ ಅನ್ನುವುದನ್ನಷ್ಟೇ ನೆನೆದಳು. ಕೈ ತಾನಾಗಿ ಮುಂದೆ ಹೋಗಿ ಗಾಜನ್ನು ತಿರುಗಿಸಿತು. ಕಡ್ಡಿಯನ್ನು ಒಂದು ತೂತು, ಒಂದೇ ತೂತು, ಮುಂದಿಟ್ಟಳು. "ಮರಳು ತಿರುಗಿತು!" ಎಂದು ಕೂಗಿದಳು, ಎಂದಿನದೇ ರಾಗದಲ್ಲಿ. ಹಡಗಿನ ಮೂತಿಯಿಂದ ಕಾವಲಿನವನು "ಕಣ್ಣು ತೆರೆದಿದೆ!" ಎಂದು ಉತ್ತರ ಕೊಡಬೇಕು. ಪ್ರತಿ ಸಲವೂ ಕೊಡಬೇಕು, ಅದೂ ಕಟ್ಟಳೆಯೇ. ಕತ್ತಲಲ್ಲೂ ದೂರದ್ದು ಕಾಣುತ್ತದೆಂದು ಅವನನ್ನು ಎಲ್ಲರೂ ಗೂಬೆ ಎಂದೇ ಕರೆಯುತ್ತಿದ್ದರು, ಅವನಿಗೂ ಆ ಹೆಸರಿನ ಬಗ್ಗೆ ಹೆಮ್ಮೆಯೇ. ಇವತ್ತು ಗೂಬೆಯ ಉತ್ತರ ತಡವಾಗಿ ಬಂತು, ಗಂಟಲು ಕಟ್ಟಿದಂತೆ ಬಂತು. ಅವನಿಗೆ ಅನುಮಾನ ಬಂದಿದೆ ಎಂದುಕೊಂಡಳು. ಆದರೆ ಅವನು ಏನೂ ಕೇಳಲಿಲ್ಲ. ಯಾರೂ ಏನೂ ಕೇಳಲಿಲ್ಲ.

ಯಾರೂ ಕೇಳದಿರುವುದೇ ಈಗ ಉಸಿರುಗಟ್ಟಿಸುತ್ತಿತ್ತು. ಮರಳು ಮುಗಿಯಿತು, ತಿರುಗಿಸಿದಳು, ಕಡ್ಡಿ ಮುಂದೆ ಹೋಯಿತು, ಒಂದೇ ತೂತು ಖಾಲಿ ಉಳಿಯಿತು. "ಮರಳು ತಿರುಗಿತು!" "ಕಣ್ಣು ತೆರೆದಿದೆ!" ಅಪ್ಪ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಹಿತ್ತಾಳೆಯ ಲೋಟ. ಹಲಗೆ ನೋಡಿ ತಲೆಯಾಡಿಸಿ, ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹಾಗೆ ಕೂತದ್ದನ್ನು ಅವಳು ಚಿಕ್ಕವಳಿದ್ದಾಗ ಮಾತ್ರ ನೋಡಿದ್ದಳು. "ಕುಡಿ" ಅಂದ. "ಅಪ್ಪ, ಇದು ನಿನ್ನ ಪಾಲು." "ಕುಡಿ ಅಂದ್ರೆ ಕುಡಿ. ನಿನ್ನ ಕೈಗೆ ಮರಳು ಬಂದ್ಮೇಲೆ ಲೆಕ್ಕ ಒಂದು ಕೂದಲೂ ಆಚೀಚೆ ಆಗಿಲ್ಲ. ಊರಿಗೆ ಹೋದ್ಮೇಲೆ ನಿಮ್ಮತ್ತಿಗೆಗೆ ನಾನೇ ಹೇಳ್ತೀನಿ. ಇವಳನ್ನ ನೋಡೋಕೆ ಬರೋರು ಬರ್ಲಿ, ಆದ್ರೆ ಬಂದರಿಗೆ ಬಂದು ನೋಡ್ಲಿ ಅಂತ." ಅಪ್ಪ ನಗುತ್ತಿದ್ದ. ಜೀವಮಾನವಿಡೀ ಯಾವ ಮಾತಿಗಾಗಿ ಜಗಳ ಕಾದಿದ್ದಳೋ ಆ ಮಾತು ಲೋಟದ ನೀರಿನ ಜೊತೆ ಅವಳ ಕೈಗೆ ಬಂದಿತ್ತು. ನೀರು ನಾರುತ್ತಿತ್ತು. ಕುಡಿದಳು. ಹೇಳಿಬಿಡು, ಹೇಳಿಬಿಡು ಅನ್ನುತ್ತಿತ್ತು ಒಳಗೆ. ಬರಿದಾದ ಲೋಟವನ್ನು ಅವನ ಕೈಗೆ ಕೊಟ್ಟಳು. ಅಪ್ಪ ಎದ್ದು ಹಾಯಿಗಳತ್ತ ಹೋದ.

ಒಂದು ವೇಳೆ ನಿಜಕ್ಕೂ ಒಂದೆರಡು ಗಳಿಗೆಯದ್ದೇ ಜೊಂಪು ಆಗಿದ್ದರೆ? ಆಗ ಸುಮ್ಮನೆ ಮರ್ಯಾದೆ ಕಳೆದುಕೊಂಡಂತೆ. ಎರಡು ಸಲ ಮರಳು ಸುರಿಯುವಷ್ಟು ಹೊತ್ತಾಗಿದ್ದರೆ? ಆಗ ಅತ್ತೆಯ ಹಲ್ಲು ಈ ಮಬ್ಬಿನ ಆಚೆಗೇ ಇದೆ. ನಿದ್ದೆಗೆ ಅಳತೆ ಇಲ್ಲವಲ್ಲ. ಎಷ್ಟು ಮಲಗಿದೆ ಎಂದು ಮಲಗಿದವಳಿಗೇ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಎದ್ದಿದ್ದವರು ಹೇಳಬೇಕು. ಅವಳು ಚುಕ್ಕಾಣಿಯ ಹತ್ತಿರ ಸರಿದಳು. "ಮಾವ." "ಹೂಂ." "ಮಧ್ಯಾಹ್ನ ನಾನು ಮಲಗಿದ್ನಾ?" ಮಾವನ ಕೈ ಚಕ್ರದ ಮೇಲೆ ಗಟ್ಟಿಯಾಯಿತು. "ಏನ್ ಕೇಳ್ತಿದೀಯೆ ಪುಟ್ಟಿ. ನಾನು ಮುಂದೆ ನೋಡ್ಲಾ, ನಿನ್ನ ನೋಡ್ಲಾ?" "ಮಾವ, ಹೇಳು. ಎಷ್ಟು ಹೊತ್ತು?" "ಸುಮ್ನೆ ಕೂತ್ಕೋ. ಇನ್ನೇನು ಮುಗೀತು, ಬಂದರು ಸೇರ್ತೀವಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅವಳು ಜ್ವರದಲ್ಲಿ ಬಿದ್ದಿದ್ದಾಗ ಹಣೆಗೆ ಬಟ್ಟೆ ಹಾಕುತ್ತ ಮಾತಾಡುತ್ತಿದ್ದ ದನಿ ಅದು. ಆ ಮೆತ್ತನೆಯ ದನಿಗೇ ಅವಳ ಮೈ ತಣ್ಣಗಾಯಿತು.

ಎದ್ದು ನಿಂತಳು. "ಅಪ್ಪ!" ಎಂದು ಕೂಗಿದ್ದು ಹಾಯಿಯ ಬಡಿತದಲ್ಲಿ ಕರಗಿಹೋಯಿತು, ಇನ್ನೊಮ್ಮೆ ಕೂಗಿದಳು. ಅಪ್ಪ ಬಂದ, ಅವನ ಹಿಂದೆಯೇ ಉಳಿ ಹಿಡಿದುಕೊಂಡು ಬಡಗಿಯೂ ಬಂದ. ಬರದೇ ಇರುತ್ತಾನೆಯೇ. "ಅಪ್ಪ, ನಾನು ಮಧ್ಯಾಹ್ನ ನಿದ್ದೆ ಮಾಡಿಬಿಟ್ಟೆ. ಮರಳು ಮುಗಿದು ಖಾಲಿ ಇತ್ತು. ಯಾವಾಗ ಮುಗೀತೋ ಗೊತ್ತಿಲ್ಲ. ಕಡ್ಡಿ ಸುಳ್ಳು ಹೇಳ್ತಿದೆ. ಈಗಲೇ ಹಾಯಿ ಇಳಿಸು, ಈಗಲೇ ತಿರುಗಿಸು." ಅಪ್ಪನ ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಹೊರಗೆ ಹೋಗಲು ಬಾಗಿಲು ಸಿಗದೆ ಅಲ್ಲೇ ನಿಂತಿತ್ತು. ಅವನು ಮಾವನತ್ತ ತಿರುಗಿದ. "ಏನಯ್ಯಾ, ನಿಜಾನಾ?"

ಮಾವ ಅವಳನ್ನು ನೋಡಿದ, ಮೊದಲ ಸಲ. ಆಮೇಲೆ ಬಡಗಿಯನ್ನು ನೋಡಿದ. "ಇಲ್ಲ ಭಾವ" ಅಂದ. "ಮಲಗಿಲ್ಲ. ನನ್ನ ಕಣ್ಣೆದುರಿಗೇ ಕೂತಿದ್ಲು. ಸೆಕೆ, ನೀರು ಬೇರೆ ಸರಿಯಿಲ್ಲ, ತಲೆ ತಿರುಗಿರಬೇಕು ಮಗೂಗೆ." "ಮಾವ!" ಅಂದಳು. ಅಪ್ಪ ಕೈ ಬಾಯಿಗೆ ಹಿಡಿದು ಮುಂದಕ್ಕೆ ಕೂಗಿದ: "ಏ ಗೂಬೆ! ಮಧ್ಯಾಹ್ನ ಕೂಗು ಸರಿಯಾಗಿ ಬಂತೇನೋ?" ಮಬ್ಬಿನೊಳಗಿಂದ ಗೂಬೆಯ ಉತ್ತರ ಬಂತು. "ಬಂತು ಕಪ್ತಾನ್ರೇ! ಹೊತ್ಹೊತ್ತಿಗೆ ಸರಿಯಾಗೇ ಬಂತು!" ಬಡಗಿ ಮೀಸೆಯಡಿಯಲ್ಲಿ ನಕ್ಕ. "ದಡ ಹತ್ರ ಬಂದಾಗ ಹೆಣ್ಣುಮಕ್ಕಳಿಗೆ ಹೀಗೇ ಪುಕುಪುಕು ಅನ್ನೋದು. ಕೆಳಗೆ ಹೋಗಿ ಮಲಗಲಿ ಬಿಡಿ." ಅಪ್ಪ ಅವಳ ಭುಜದ ಮೇಲೆ ಕೈಯಿಟ್ಟ. ಬೈದಿದ್ದರೆ ಚೆನ್ನಾಗಿತ್ತು. "ಹೋಗಮ್ಮ" ಅಂದ. "ಸಾಕು ಇವತ್ತಿಗೆ. ಮರಳು ನಾನು ನೋಡ್ಕೋತೀನಿ."

ಇಬ್ಬರು ಎದ್ದಿದ್ದವರು ಒಂದು ಮಾತು ಹೇಳುತ್ತಾರೆ, ಮಲಗಿದ್ದವಳು ಒಂದು ಹೇಳುತ್ತಾಳೆ, ಯಾರದ್ದನ್ನು ನಂಬಬೇಕು? ಅವಳೇ ಆಗಿದ್ದರೂ ಅವರನ್ನೇ ನಂಬುತ್ತಿದ್ದಳು. ಒಂದು ಗಳಿಗೆ ನಂಬಿಯೂಬಿಟ್ಟಳು. ಮಲಗಿಯೇ ಇಲ್ಲ, ಕನಸು ಬಿದ್ದಿರಬೇಕು, ಎಂದುಕೊಂಡಾಗ ಎಂಥ ಹಗುರ, ಎಂಥ ಸುಖ. ಕೆಳಗೆ ಹೋಗಿ ಕಂಬಳಿ ಹೊದ್ದು ಮಲಗಬಹುದು. ಏನಾದರೂ ಆದರೆ ಯಾರ ಮೇಲೆ ಬೇಕಾದರೂ ಗೂಬೆ ಕೂರಿಸಬಹುದು, ನಾನು ಹೇಳಿದ್ದೆ ಅನ್ನಬಹುದು. ಮೆಟ್ಟಿಲಿನವರೆಗೂ ಹೋದಳು. ಕೈ ಮತ್ತೆ ಕೆನ್ನೆಗೆ ಹೋಯಿತು. ಗೆರೆಗಳು ಸವೆದು ಬರೀ ನೆರಳಿನಷ್ಟು ಉಳಿದಿದ್ದವು, ಇನ್ನು ಸ್ವಲ್ಪ ಹೊತ್ತಿಗೆ ಅವೂ ಇರುವುದಿಲ್ಲ. ಮಾವ ಯಾಕೆ ಬಡಗಿಯನ್ನು ನೋಡಿದ? ತನ್ನನ್ನು ನೋಡಿ ಆಮೇಲೆ ಬಡಗಿಯನ್ನು ಯಾಕೆ ನೋಡಬೇಕು? ಮಧ್ಯಾಹ್ನ ತಾನು ಮಾಡಿದ್ದೂ ಅದನ್ನೇ ಅಲ್ಲವೇ, ಎದ್ದ ತಕ್ಷಣ ಬಡಗಿ ಎಲ್ಲಿ ಎಂದು ಹುಡುಕಿದ್ದು. ಮಾವನಿಗೆ ಗೊತ್ತು. ಗೊತ್ತಿದ್ದೂ, ಇವಳ ಮರ್ಯಾದೆಗೋಸ್ಕರ, ಎಲ್ಲರನ್ನೂ ಹೊತ್ತುಕೊಂಡು ಬಂಡೆಯ ಕಡೆಗೆ ಚುಕ್ಕಾಣಿ ಹಿಡಿದು ನಿಂತಿದ್ದಾನೆ.

ಬಡಗಿಯ ಕೊಡಲಿ ದೋಣಿಯ ಪಕ್ಕದ ಕೊರಡಿಗೆ ಕಚ್ಚಿಕೊಂಡು ನಿಂತಿತ್ತು. ಅವಳು ಅದನ್ನು ಕಿತ್ತುಕೊಂಡದ್ದನ್ನು ಮೊದಲು ಕಂಡವನು ಬಡಗಿಯೇ. "ಏ, ಏ, ಅದು ನನ್ನದು!" ಎಂದು ಕೂಗಿದ, ಅವನಿಗೆ ತೋಚಿದ್ದು ಅಷ್ಟೇ. ಅವಳು ಹಾಯಿಕಂಬದ ಬುಡಕ್ಕೆ ಓಡಿದಳು. ಅಂದು ತಬ್ಬಿಕೊಂಡು ಕೂತಿದ್ದು ಇದೇ ಕಂಬ. ದೊಡ್ಡ ಹಾಯಿಯನ್ನು ಎತ್ತಿ ಹಿಡಿದಿದ್ದ ಹಗ್ಗ ಬಿಗಿದು ನರದ ಹಾಗೆ ಅದುರುತ್ತಿತ್ತು. ಮೊದಲ ಏಟು ಮರಕ್ಕೆ ಬಿತ್ತು. ಎರಡನೆಯದಕ್ಕೆ ಹಗ್ಗದ ಎಳೆಗಳು ಸಿಡಿದವು. ಯಾರೋ ಹಿಂದಿನಿಂದ ಅವಳ ಜಡೆ ಹಿಡಿದೆಳೆದರು. ಜಡೆ ಅವರ ಕೈಯಲ್ಲಿರುವಂತೆಯೇ ಮೂರನೆಯ ಏಟು ಹಾಕಿದಳು. ಹಗ್ಗ ಹಾವಿನಂತೆ ಸುಯ್ಯೆಂದು ಮೇಲಕ್ಕೆ ಹೋಯಿತು, ರಾಟೆ ಕಿರುಚಿತು, ಮರದ ತೊಲೆಯ ಸಮೇತ ಹಾಯಿ ಧಡಾರೆಂದು ಡೆಕ್ಕಿನ ಮೇಲೆ ಕುಸಿಯಿತು. ಅಪ್ಪನ ಕೈ ಅವಳ ಕೆನ್ನೆಗೆ ಬಿತ್ತು, ಗೆರೆಗಳಿದ್ದ ಕೆನ್ನೆಗೇ. ಹುಟ್ಟಿದಾಗಿನಿಂದ ಅವನು ಹೊಡೆದಿರಲಿಲ್ಲ. "ಹುಚ್ಚು ಹಿಡಿದಿದೆಯಾ ನಿನಗೆ!" ಅಂದ. ಇನ್ನೊಂದು ಸಲ ಕೈಯೆತ್ತಿದವನು ಹಾಗೇ ನಿಂತ.

ಹಾಯಿಯ ಬಡಿತ ನಿಂತಿತ್ತು. ಆ ಸದ್ದಿಲ್ಲದ ಜಾಗದಲ್ಲಿ ಇನ್ನೊಂದು ಸದ್ದು ಇತ್ತು. ಅದು ಆಗಿನಿಂದಲೂ ಇದ್ದಿರಬೇಕು, ಈಗ ಕೇಳಿಸಿತು, ಅಷ್ಟೆ. ಯಾರೋ ದೊಡ್ಡ ಬಾಯಲ್ಲಿ ನೀರು ತುಂಬಿಕೊಂಡು ಮುಕ್ಕಳಿಸಿ ಉಗಿಯುತ್ತಿರುವಂಥ ಸದ್ದು, ನೇರ ಮುಂದೆ, ಬಹಳ ಹತ್ತಿರ. ಅಪ್ಪ ಬಾಯಿ ತೆರೆಯುವ ಮೊದಲೇ ಮಾವ ಚಕ್ರಕ್ಕೆ ಮೈಯೆಲ್ಲ ಒಡ್ಡಿ ಎಡಕ್ಕೆ ತಿರುಗಿಸಿದ. "ಲಂಗರು! ಲಂಗರು ಬಿಡ್ರೋ!" ಎಂದು ಅಪ್ಪ ಕೂಗುತ್ತ ಓಡಿದ. ಹಡಗು ಒಂದು ಮಗ್ಗುಲಿಗೆ ವಾಲಿ, ಅಡಿಯಲ್ಲಿ ಏನೋ ಉಜ್ಜಿಕೊಂಡು, ಒಂದು ಕ್ಷಣ ಎಲ್ಲರ ಉಸಿರನ್ನೂ ಹಿಡಿದಿಟ್ಟುಕೊಂಡು, ಬಿಟ್ಟಿತು. ಸರಪಳಿ ಬಿಗಿಯಿತು. ಮಬ್ಬು ಸರಿದ ಜಾಗದಲ್ಲಿ, ಬಲಕ್ಕೆ, ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ, ಕಪ್ಪು ಹಲ್ಲುಗಳ ನಡುವೆ ಬಿಳಿ ನೊರೆ ಏಳುತ್ತ ಬೀಳುತ್ತ ಇತ್ತು. ದೊಡ್ಡ ಹಾಯಿ ತುಂಬಿಕೊಂಡೇ ಬಂದಿದ್ದರೆ ಲಂಗರಿಗೆ ಕೈ ಹಾಕುವಷ್ಟೂ ಹೊತ್ತು ಸಿಗುತ್ತಿರಲಿಲ್ಲ. ಬಡಗಿ ಬಿದ್ದ ಹಾಯಿಯ ಮೇಲೆ ಕೂತು ತನ್ನ ಕೊಡಲಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ಅದರ ಅಲಗು ಮುಕ್ಕಾಗಿತ್ತು, ಆದರೂ ಅವನು ಬೈಯಲಿಲ್ಲ.

ತಾನು ಗೆದ್ದೆ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಅವಳ ಮಾತು ನಿಜವಾಗಿತ್ತು, ಅಂದರೆ ಅವಳು ಮಲಗಿದ್ದು ನಿಜವಾಗಿತ್ತು. ಆ ಬಂಡೆಗಳು ಎಲ್ಲರೆದುರು ಬಾಯಿ ತೆರೆದು ಅದನ್ನೇ ಹೇಳುತ್ತಿದ್ದವು. ಅಪ್ಪ ಚುಕ್ಕಾಣಿಯ ಹತ್ತಿರ ಬಂದು ನಿಂತ. ಮಾವ ಚಕ್ರ ಬಿಟ್ಟಿರಲಿಲ್ಲ, ಇನ್ನು ಹಿಡಿದು ಮಾಡುವುದೇನೂ ಇರಲಿಲ್ಲ. "ಎಷ್ಟು ಹೊತ್ತು?" ಅಂದ ಅಪ್ಪ. ಮಾವ ತಲೆ ತಗ್ಗಿಸಿದ. "ಎರಡು ಸಲ ಮರಳು ಬೀಳೋವಷ್ಟು ಭಾವ. ಎಬ್ಬಿಸಬೇಕಿತ್ತು. ಈಗ ಏಳ್ತಾಳೆ, ಈಗ ಏಳ್ತಾಳೆ ಅಂತ ಕಾದೆ. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ಬಡಗಿ ನಗ್ತಾನೆ ಅಂದ್ಕೊಂಡೆ." ಅಪ್ಪ ಹಲಗೆಯಿಂದ ಕಡ್ಡಿಯನ್ನು ಕಿತ್ತ. ಒಂದು ತೂತು ಮುಂದಿಟ್ಟ. ಅದು ಕೊನೆಯ ತೂತು. ಇನ್ನೊಂದಕ್ಕೆ ಹಲಗೆಯಲ್ಲಿ ಜಾಗವಿರಲಿಲ್ಲ. ಕಡ್ಡಿಯನ್ನು ಮತ್ತೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತ. ಅವಳತ್ತ ನೋಡಲಿಲ್ಲ. ಅವಳ ಕೆನ್ನೆ ಉರಿಯುತ್ತಿತ್ತು, ಅವನ ಬೆರಳ ಗುರುತುಗಳ ಅಡಿಯಲ್ಲಿ ಹಗ್ಗದ ಗೆರೆಗಳು ಮುಚ್ಚಿಹೋಗಿದ್ದವು.

ಆಗ ಗೂಡಿನ ಕಡೆ ಅವಳ ಕಣ್ಣು ಹೋಯಿತು. ಗಲಾಟೆಯಲ್ಲಿ ಯಾರೂ ನೋಡಿರಲಿಲ್ಲ. ಮೇಲಿನ ಗಾಜು ಬರಿದಾಗಿತ್ತು, ಕೆಳಗೆ ಮರಳು ಗುಡ್ಡೆಯಾಗಿ ತಣ್ಣಗೆ ಕೂತಿತ್ತು. ಮರಳು ನಾನು ನೋಡ್ಕೋತೀನಿ ಅಂದವನು ಅಪ್ಪ. ಅವನೂ ನೋಡಿರಲಿಲ್ಲ. ಅವಳು ಹೋಗಿ ಗಾಜಿನ ಮೇಲೆ ಕೈಯಿಟ್ಟಳು, ಯಾರೂ ತಡೆಯಲಿಲ್ಲ. ಬೇಕಾದರೆ ಸದ್ದಿಲ್ಲದೆ ತಿರುಗಿಸಬಹುದಿತ್ತು. ಅವಳು ತಿರುಗಿಸಲಿಲ್ಲ. ಎದೆ ತುಂಬ ಉಸಿರೆಳೆದುಕೊಂಡು, ಎಂದಿನದೇ ರಾಗದಲ್ಲಿ, ಇಡೀ ಹಡಗಿಗೆ ಕೇಳುವಂತೆ ಕೂಗಿದಳು: "ಮರಳು ಮುಗಿದಿತ್ತು! ಯಾವಾಗ ಮುಗಿಯಿತೋ ನಾನು ನೋಡಲಿಲ್ಲ!"

ಅಪ್ಪ ತಲೆಯೆತ್ತಿದ. ಮಾವ ಚಕ್ರದ ಮೇಲಿನ ಕೈ ತೆಗೆದ. ಹಡಗಿನ ಮೂತಿಯ ಮಬ್ಬಿನಲ್ಲಿ ಗೂಬೆಯ ಬೆನ್ನು ಅಲ್ಲಾಡದೆ ನಿಂತಿತ್ತು. ನೊರೆ ಎದ್ದು ಬಿತ್ತು, ಮತ್ತೆ ಎದ್ದು ಬಿತ್ತು. ಆಮೇಲೆ, ಮಧ್ಯಾಹ್ನದಂತೆಯೇ ತಡವಾಗಿ, ಅದೇ ರಾಗದಲ್ಲಿ, ಉತ್ತರ ಬಂತು:

"ಕಣ್ಣು ಮುಚ್ಚಿತ್ತು!"